ವಂಶವೃಕ್ಷವೋ, ಆವರಣವೋ? ಸಂಪ್ರದಾಯದ ಕಡೆ ಒಲವಿರುವವರು ಏನು ಓದಬೇಕು, ಏನು ನೋಡಬೇಕು

ಅಕ್ಕನ ಮಗ ಹೋದ ತಿಂಗಳು ಫೋನ್ ಮಾಡಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೆಲಸ. "ಮಾವ, ಆಫೀಸಿನಲ್ಲಿ ಎಲ್ಲರೂ ನನ್ನನ್ನ ಬಲಪಂಥದವನು ಅಂತಾರೆ. ಇರಬಹುದು, ನನಗೂ ಹಾಗೇ ಅನ್ಸುತ್ತೆ. ಆದರೆ ವಾದಕ್ಕೆ ಕೂತರೆ ನನ್ನ ಹತ್ತಿರ ಇರೋದು ವಾಟ್ಸಾಪ್‌ನಲ್ಲಿ ಬಂದಿದ್ದು ಮಾತ್ರ. ಏನು ಓದಲಿ? ಸಿನಿಮಾ ಆದರೂ ಪರವಾಗಿಲ್ಲ" ಅಂದ.

ಅವತ್ತು ನಾಲ್ಕು ಹೆಸರು ಹೇಳಿ ಫೋನ್ ಇಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಬರೀ ಹೆಸರು ಹೇಳಿದರೆ ಸಾಲದು. ಯಾವುದು ಮೊದಲು, ಯಾವುದು ಆಮೇಲೆ, ಯಾಕೆ ಅಂತ ಹೇಳಬೇಕಿತ್ತು. ಅದಕ್ಕೇ ಕೂತು ಬರೆದೆ. ಮನೆತನ, ದೇವರು, ಊರು, ದೇಶ ಇವುಗಳನ್ನು ಉಳಿಸಿಕೊಳ್ಳಬೇಕು, ಬದಲಾವಣೆ ಬಂದರೂ ನಿಧಾನವಾಗಿ ಬರಲಿ ಅನ್ನುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು. ನಾನೂ ಅದೇ ಗುಂಪಿನವನು.

ಆರಿಸುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾನು ನಂಬಿದ್ದನ್ನು ಉಳಿಸಲು ಯಾರು ಎಷ್ಟು ಕಷ್ಟಪಟ್ಟರು ಅಂತ ಈ ಪುಸ್ತಕ ತೋರಿಸುತ್ತದಾ? ಅಥವಾ ನನ್ನ ನಂಬಿಕೆಗೆ ತಲೆಯಾಡಿಸಿ ಬಿಟ್ಟುಬಿಡುತ್ತದಾ? ಮೊದಲನೆಯ ಥರದ್ದು ಸಿಕ್ಕಿದರೆ ಅದನ್ನೇ ಮೊದಲು ಓದಿ.

ವಂಶವೃಕ್ಷ ಮೊದಲು, ಆವರಣ ಆಮೇಲೆ

ಈ ಒಲವಿನ ಕನ್ನಡಿಗರಿಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಎಸ್.ಎಲ್. ಭೈರಪ್ಪನವರು. ಅವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಹೊಸಬರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು 2007ರಲ್ಲಿ ಬಂದ 'ಆವರಣ'. ಅದರ ಸುದ್ದಿ ಅಷ್ಟು ದೊಡ್ಡದಾಗಿತ್ತು. ಆದರೆ ನಾನು ಹೇಳುವುದು, ಅದನ್ನು ಎರಡನೆಯದಾಗಿ ಓದಿ. ಮೊದಲು 1960ರ ದಶಕದ 'ವಂಶವೃಕ್ಷ' ಓದಿ.

'ವಂಶವೃಕ್ಷ'ದ ಶ್ರೀನಿವಾಸ ಶ್ರೋತ್ರಿಗಳು ನಂಜನಗೂಡಿನವರು. ಕಪಿಲಾ ನದಿಯ ದಂಡೆಯಲ್ಲಿ ಮನೆ. ಅದೇ ನದಿಯಲ್ಲಿ ಮಗನನ್ನು ಕಳೆದುಕೊಂಡಿದ್ದಾರೆ. ಸೊಸೆ ಕಾತ್ಯಾಯನಿ ಇನ್ನೂ ಚಿಕ್ಕವಳು, ಕೈಯಲ್ಲಿ ಪುಟ್ಟ ಮಗ. ಅವಳು ಓದಲು ಮೈಸೂರಿಗೆ ಹೋಗುತ್ತಾಳೆ. ಅಲ್ಲಿ ರಾಜನ ಪರಿಚಯವಾಗಿ ಮರುಮದುವೆಯಾಗುತ್ತಾಳೆ. ಮಗ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಸಂಪ್ರದಾಯದ ಪರವಾದ ಕಾದಂಬರಿ ಅಂದಕೂಡಲೇ ಸೊಸೆಯನ್ನು ಬೈದಿರುತ್ತಾರೆ ಅಂತ ಅಂದುಕೊಳ್ಳುತ್ತೀರಿ, ಅಲ್ವಾ? ಇಲ್ಲಿ ಹಾಗಿಲ್ಲ. ಶ್ರೋತ್ರಿಗಳು ಅವಳ ಮೇಲೆ ಕೂಗಾಡುವುದಿಲ್ಲ, ಶಾಪ ಹಾಕುವುದಿಲ್ಲ. ಅವಳ ಆಸೆ ತಪ್ಪು ಅಂತ ಲೇಖಕರೂ ತೀರ್ಪು ಕೊಡುವುದಿಲ್ಲ. ವರ್ಷಗಳು ಕಳೆದ ಮೇಲೆ ಆ ಮಗ ಅವಳು ಪಾಠ ಮಾಡುವ ಕಾಲೇಜಿಗೇ ಬರುತ್ತಾನೆ. ಅವಳನ್ನು ಅಮ್ಮ ಅಂತ ಒಪ್ಪಿಕೊಳ್ಳುವುದಿಲ್ಲ. ಆ ಪುಟಗಳನ್ನು ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೇನೆ.

ಕೊನೆಯ ಭಾಗದಲ್ಲಿ ಶ್ರೋತ್ರಿಗಳಿಗೆ ತಮ್ಮ ವಂಶದ ಬಗ್ಗೆ ಒಂದು ಸಂಗತಿ ಗೊತ್ತಾಗುತ್ತದೆ. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ಓದಿಯೇ ತಿಳಿಯಬೇಕು. ಯಾವುದಕ್ಕಾಗಿ ಇಡೀ ಜೀವನ ಸವೆಸಿದರೋ ಆ ನೆಲವೇ ಕಾಲ ಕೆಳಗೆ ಅಲುಗುತ್ತದೆ. ಆಗ ಅವರು ಏನು ಮಾಡುತ್ತಾರೆ ಅನ್ನುವುದರಲ್ಲಿ ಅವರ ದೊಡ್ಡತನ ಇದೆ. ಧರ್ಮ ಅಂದರೆ ಬೇರೆಯವರನ್ನು ಅಳೆಯುವ ಕೋಲು ಅಂದುಕೊಂಡವರಿಗೆ ಈ ಅಧ್ಯಾಯಗಳು ಕಷ್ಟ ಕೊಡುತ್ತವೆ. ಕೊಡಲಿ.

'ಆವರಣ' ಪೂರ್ತಿ ಬೇರೆ ಜಾತಿಯ ಪುಸ್ತಕ. ಲಕ್ಷ್ಮಿ ಪ್ರೀತಿಸಿ ಅಮೀರನನ್ನು ಮದುವೆಯಾಗಿ ರಜಿಯಾ ಆಗಿದ್ದಾಳೆ. ಹಂಪಿಯಲ್ಲಿ ಕಥೆ ಶುರುವಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಹೋಗಿ ಅವರು ಕೂಡಿಟ್ಟ ಪುಸ್ತಕಗಳನ್ನು ಓದುತ್ತಾಳೆ. ಓದುತ್ತ ಓದುತ್ತ ತಾನೇ ಔರಂಗಜೇಬನ ಕಾಲದ ಒಂದು ಕಾದಂಬರಿ ಬರೆಯುತ್ತಾಳೆ. ಕಾದಂಬರಿಯೊಳಗೊಂದು ಕಾದಂಬರಿ. ಆಧಾರ ಗ್ರಂಥಗಳ ಪಟ್ಟಿಯೂ ಕಥೆಯ ಭಾಗವಾಗಿಯೇ ಬರುತ್ತದೆ. ಇತಿಹಾಸದ ಕಹಿ ಭಾಗವನ್ನು ಮುಚ್ಚಿಡಬಾರದು ಅನ್ನುವುದು ಇದರ ವಾದ. ಆ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಪಾತ್ರಗಳು ಇಲ್ಲಿ ಬದುಕುವುದಕ್ಕಿಂತ ವಾದ ಮಾಡುವುದೇ ಜಾಸ್ತಿ. ಯು.ಆರ್. ಅನಂತಮೂರ್ತಿಯವರು ಇದನ್ನು ಕಟುವಾಗಿ ಟೀಕಿಸಿದರು. ಅವರ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಆದರೂ ಕಾದಂಬರಿಯಾಗಿ 'ವಂಶವೃಕ್ಷ'ದ ತೂಕ ಇದಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕ್ರಮ ಯಾಕೆ ಮುಖ್ಯ ಅಂದರೆ, 'ಆವರಣ' ಮೊದಲು ಓದಿದವರಿಗೆ ಸಿಟ್ಟು ಮೊದಲು ಬರುತ್ತದೆ. ಪ್ರೀತಿ ಬರುವ ಹೊತ್ತಿಗೆ ತಡವಾಗಿರುತ್ತದೆ. 'ವಂಶವೃಕ್ಷ' ಓದಿದವರಿಗೆ ಉಳಿಸಿಕೊಳ್ಳಬೇಕಾದದ್ದು ಏನು ಅಂತ ಗೊತ್ತಾಗಿರುತ್ತದೆ. ಇನ್ನೊಂದು ಮಾತನ್ನು ಬಿಡಿಸಿ ಹೇಳಿಬಿಡುತ್ತೇನೆ. 17ನೇ ಶತಮಾನದ ಬಾದಶಹನ ಕಥೆ ಓದಿ, ಅದೇ ಕಣ್ಣಿನಿಂದ ಪಕ್ಕದ ಬೀದಿಯ ಮುಸ್ಲಿಂ ಮನೆಯವರನ್ನು ನೋಡಿದರೆ ಓದಿದ್ದು ದಂಡ.

'ವಂಶವೃಕ್ಷ' ಸಿನಿಮಾ ಕೂಡ ಇದೆ. ಬಿ.ವಿ. ಕಾರಂತ, ಗಿರೀಶ್ ಕಾರ್ನಾಡ್ ಸೇರಿ ನಿರ್ದೇಶಿಸಿದ್ದು. 1971ನೇ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಸಿಕ್ಕಿತು. ಕಾತ್ಯಾಯನಿಯಾಗಿ ಎಲ್.ವಿ. ಶಾರದಾ ಮರೆಯಲಾಗದ ಹಾಗೆ ಅಭಿನಯಿಸಿದ್ದಾರೆ. ಪುಸ್ತಕವೋ ಸಿನಿಮಾವೋ ಅಂದರೆ ಇಲ್ಲಿ ಪುಸ್ತಕವೇ. ಸಿನಿಮಾದಲ್ಲಿ ಕಣ್ಣು ಕಾತ್ಯಾಯನಿಯ ಮೇಲೆ ನಿಲ್ಲುತ್ತದೆ. ಶ್ರೋತ್ರಿಗಳ ಮನಸ್ಸಿನೊಳಗೆ ನಡೆಯುವ ಜಗ್ಗಾಟ ಪುಸ್ತಕದಲ್ಲಿ ಸಿಗುವಷ್ಟು ಅಲ್ಲಿ ಸಿಗುವುದಿಲ್ಲ. ಪುಸ್ತಕ ಮುಗಿಸಿ ಸಿನಿಮಾ ನೋಡಿದರೆ ಎರಡರ ರುಚಿಯೂ ಸಿಗುತ್ತದೆ.

ಸಾಧ್ಯವಾದರೆ ಜೊತೆಗೆ 'ಸಂಸ್ಕಾರ'ವನ್ನೂ ಓದಿ. ಅದು ಅನಂತಮೂರ್ತಿಯವರದು, ಹೆಚ್ಚುಕಡಿಮೆ ಅದೇ ವರ್ಷಗಳದು. ಅಲ್ಲೂ ಒಬ್ಬ ವೇದ ಓದಿದ ಬ್ರಾಹ್ಮಣ, ಅಲ್ಲೂ ಧರ್ಮಸಂಕಟ. ಉತ್ತರ ಮಾತ್ರ ಬೇರೆ. ನಮ್ಮ ಕಡೆಯ ವಾದ ಎಷ್ಟು ಗಟ್ಟಿ ಅಂತ ನೋಡಲು ಎದುರಿನ ಕಡೆಯ ಒಳ್ಳೆಯ ಪುಸ್ತಕವೇ ಬೇಕು.

ಹಿಂದಿನ ಕಾಲ ಚೆನ್ನಾಗಿತ್ತು ಅನ್ನುವವರಿಗೆ

ಇಂಥವರಿಗೆ ನಾನು ಕೊಡುವುದು ಒಂದೇ ಪುಸ್ತಕ, 1970ರ 'ಗೃಹಭಂಗ'. ಇದೂ ಭೈರಪ್ಪನವರದೇ. ಚನ್ನರಾಯಪಟ್ಟಣ, ತಿಪಟೂರು ಕಡೆಯ ಹಳ್ಳಿ. ಶಾನುಭೋಗಿಕೆಯ ಮನೆ. ಗಂಡ ಕೈಲಾಗದವನು, ಅತ್ತೆಯ ಬಾಯಿ ಭಯಂಕರ. ಲೆಕ್ಕದ ಪುಸ್ತಕಕ್ಕೆ ರೂಲು ಹಾಕಿ, ಖಾತೆ ಬರೆದು ಮನೆ ನಡೆಸುವವಳು ನಂಜಮ್ಮ. ಬರ ಬರುತ್ತದೆ, ಪ್ಲೇಗು ಬರುತ್ತದೆ. ಬೆಳೆದ ಮಕ್ಕಳು ಅವಳ ಕಣ್ಣೆದುರೇ ಹೋಗುತ್ತಾರೆ. ಭೈರಪ್ಪನವರ ಬಾಲ್ಯದಲ್ಲೂ ಪ್ಲೇಗು ಮನೆಯವರನ್ನು ಕಿತ್ತುಕೊಂಡಿತ್ತು. ಅವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ನಂಜಮ್ಮ ಎಲ್ಲಿಂದ ಬಂದಳು ಅಂತ ಗೊತ್ತಾಗುತ್ತದೆ.

ಈ ಪುಸ್ತಕದಲ್ಲಿ ಹಳೆಯ ಹಳ್ಳಿ ಸ್ವರ್ಗವಾಗಿ ಕಾಣುವುದಿಲ್ಲ. ಜೋಯಿಸರು, ಪುರೋಹಿತರು ಬಹಿಷ್ಕಾರದ ಹೆದರಿಕೆ ಹಾಕಿ ದುಡ್ಡು ಕೀಳುತ್ತಾರೆ. ನಂಜಮ್ಮನಿಗೆ ಆಸರೆಯಾಗಿ ನಿಲ್ಲುವುದು ಭಿಕ್ಷೆ ಮಾಡಿ ಬದುಕುವ ಮಾದೇವಯ್ಯನವರು. ಅವರು ನೆಂಟರಲ್ಲ, ಜಾತಿಯವರೂ ಅಲ್ಲ. ಸಂಪ್ರದಾಯ ಬೇಕು ಅನ್ನುವವರು ಮೊದಲು ತಿಳಿಯಬೇಕಾದದ್ದು ಇದು: ಮನೆ ಅನ್ನುವ ಸಂಸ್ಥೆಯನ್ನು ಹೊತ್ತವರು ಯಾರು, ಅದರ ನೆರಳಲ್ಲಿ ಕೂತು ತಿಂದವರು ಯಾರು? ಗಿರೀಶ್ ಕಾಸರವಳ್ಳಿಯವರು ಇದನ್ನು ಧಾರಾವಾಹಿಯನ್ನಾಗಿ ಮಾಡಿದರು. ಓದುವ ಅಭ್ಯಾಸ ಇಲ್ಲದ ಅಪ್ಪ ಅಮ್ಮನಿಗೆ ಧಾರಾವಾಹಿಯೇ ಒಳ್ಳೆಯದು. ಉಳಿದವರಿಗೆ ಪುಸ್ತಕ.

ಜಾತಿಯ ವಿಷಯಕ್ಕೆ ನೇರವಾಗಿ ಹೋಗಬೇಕು ಅಂದರೆ 'ದಾಟು' ಇದೆ. ಅರ್ಚಕರ ಮಗಳು ಸತ್ಯ, ಮಂತ್ರಿಯಾದ ಗೌಡರ ಮಗ ಶ್ರೀನಿವಾಸ. ಮದುವೆಯ ಮಾತು ಎದ್ದಕೂಡಲೇ ಎರಡೂ ಮನೆಗಳು ಒಡೆಯುತ್ತವೆ. 1975ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ ಬಂದಿತ್ತು. ಭೈರಪ್ಪನವರು ಜಾತಿಯ ಪರ ಅಂತ ಓದದೆಯೇ ಹೇಳುವವರಿಗೂ ನಾನು ಇದನ್ನೇ ಕೊಡುತ್ತೇನೆ.

'ತಬ್ಬಲಿಯು ನೀನಾದೆ ಮಗನೆ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋವಿನ ಹಾಡು ಕೇಳಿ ಬೆಳೆದವರಿಗೆ ಹೆಸರೇ ಸಾಕು. ಅಮೆರಿಕದಲ್ಲಿ ಓದಿ ಬಂದ ಮೊಮ್ಮಗ, ಅವನ ಅಮೆರಿಕನ್ ಹೆಂಡತಿ, ಊರಿನ ಹಸು. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಇದನ್ನು ಓದಿದರೆ ಮನೆಯಲ್ಲಿ ಒಳ್ಳೆಯ ಮಾತುಕತೆ ಹುಟ್ಟುತ್ತದೆ. ಕಾರಂತ, ಕಾರ್ನಾಡರೇ ಇದನ್ನೂ 1977ರಲ್ಲಿ ಸಿನಿಮಾ ಮಾಡಿದರು. ಹಿಂದಿಯಲ್ಲಿ ಅದು 'ಗೋಧೂಳಿ'.

ಮಣ್ಣು, ಊರು: ಎರಡು ಸಿನಿಮಾ

ಇಲ್ಲಿ ಸಿನಿಮಾ ಗೆಲ್ಲುತ್ತದೆ. 1972ರ 'ಬಂಗಾರದ ಮನುಷ್ಯ' ಮತ್ತು 2022ರ 'ಕಾಂತಾರ'. ಐವತ್ತು ವರ್ಷದ ಅಂತರ.

'ಬಂಗಾರದ ಮನುಷ್ಯ' ಟಿ.ಕೆ. ರಾಮರಾಯರ ಕಾದಂಬರಿಯಿಂದ ಬಂದದ್ದು, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಭಾವ ತೀರಿಹೋದ ಮೇಲೆ ಅಕ್ಕನ ಮನೆಗೆ ಆಸರೆಯಾಗಿ ನಿಲ್ಲುವ ರಾಜೀವ ಬಂಜರು ನೆಲ ಹಸನು ಮಾಡುತ್ತಾನೆ. ಇದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ರಾಜೀವ ಸರ್ಕಾರ ಬಂದು ಉದ್ಧಾರ ಮಾಡಲಿ ಅಂತ ಕಾಯುವುದಿಲ್ಲ. ಕೊನೆಗೆ ಅವನು ಸಾಕಿದ ಮನೆಯಿಂದಲೇ ಅನುಮಾನದ ಮಾತು ಬಂದಾಗ ವಾದ ಮಾಡದೆ ಎದ್ದು ಹೋಗುತ್ತಾನೆ. ಕರ್ತವ್ಯ ಮಾಡಿದವನಿಗೆ ಬಹುಮಾನ ಸಿಗಲೇಬೇಕು ಅಂತ ಈ ಸಿನಿಮಾ ಸುಳ್ಳು ಹೇಳುವುದಿಲ್ಲ.

'ಕಾಂತಾರ'ದಲ್ಲಿ ಪ್ರಶ್ನೆ ಇನ್ನೂ ತೊಡಕಿನದು. 1847ರಲ್ಲಿ ಒಬ್ಬ ರಾಜ ದೈವಕ್ಕೆ ಮಾತು ಕೊಟ್ಟು ಕಾಡಿನ ಜನರಿಗೆ ಭೂಮಿ ಬಿಡುತ್ತಾನೆ. 1970ರಲ್ಲಿ ಅವನ ವಂಶದವನು ಅದನ್ನು ವಾಪಸ್ ಕೇಳುತ್ತಾನೆ. 1990ರಲ್ಲಿ ಅರಣ್ಯ ಇಲಾಖೆ ಬೇಲಿ ಹಾಕಲು ಬರುತ್ತದೆ. ಹಳೆಯ ಮಾತು ದೊಡ್ಡದೋ, ಹೊಸ ಕಾನೂನು ದೊಡ್ಡದೋ? ಈ ಪ್ರಶ್ನೆ ಸಂಪ್ರದಾಯ ಚಿಂತನೆಯ ಹೊಟ್ಟೆಯೊಳಗಿನದು. ಸರ್ಕಾರದ ಕಡತದಲ್ಲಿ ಇಲ್ಲದ ಹಕ್ಕು ಊರಿನ ನೆನಪಿನಲ್ಲಿ ಇರುತ್ತದೆ. ಕೋಲದ ಅಂಗಳದಲ್ಲಿ ನಿಂತು ಅದನ್ನು ನೆನಪಿಸುವುದು ದೈವ. ಇಷ್ಟಕ್ಕೇ ನಿಲ್ಲಿಸಬೇಡಿ. ಧಣಿಯ ಮನೆಯೊಳಗೆ ಯಾರು ಕಾಲಿಡಬಹುದು, ಯಾರು ಇಡಬಾರದು ಅನ್ನುವುದನ್ನೂ ಸಿನಿಮಾ ತೋರಿಸುತ್ತದೆ. ಅದೇ ಸಂಪ್ರದಾಯದ ಇನ್ನೊಂದು ಮುಖ. ಮೈನವಿರೇಳಿಸುವ ಕೊನೆಯ ಇಪ್ಪತ್ತು ನಿಮಿಷದ ಗದ್ದಲದಲ್ಲಿ ಆ ದೃಶ್ಯಗಳು ಮರೆಯಾಗಬಾರದು.

ಒಂದೇ ನೋಡಲು ಸಮಯ ಇದ್ದರೆ? ಮನೆಮಂದಿ ಎಲ್ಲ ಕೂತು ನೋಡಲು 'ಬಂಗಾರದ ಮನುಷ್ಯ'. ನೋಡಿ ಆಮೇಲೆ ಚರ್ಚೆ ಮಾಡಲು 'ಕಾಂತಾರ'.

ಸಿದ್ಧಾಂತ ಬೇಕು ಅನ್ನುವವರಿಗೆ: ಡಿವಿಜಿ, ಬರ್ಕ್

ಇಂಗ್ಲಿಷಿನಲ್ಲಿ ಈ ಚಿಂತನೆಯ ಮೂಲ ಪುರುಷ ಅಂದರೆ ಹದಿನೆಂಟನೇ ಶತಮಾನದ ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್. ಫ್ರೆಂಚ್ ಕ್ರಾಂತಿಯ ಬಗ್ಗೆ 1790ರಲ್ಲಿ ಬರೆದ ಪುಸ್ತಕ ಅವನದು. ಸಮಾಜ ಅನ್ನುವುದು ಇರುವವರು, ಹೋದವರು, ಮುಂದೆ ಹುಟ್ಟುವವರು ಎಲ್ಲ ಸೇರಿದ ಪಾಲುದಾರಿಕೆ ಅನ್ನುತ್ತಾನೆ. ವಾಕ್ಯಗಳು ಉದ್ದ, ಓದು ನಿಧಾನ. ನಮಗೆ ಹತ್ತಿರದ ಇನ್ನೊಂದು ದಾರಿ ಇದೆ. 1785ರಲ್ಲಿ ಆರ್ಕಾಟ್ ನವಾಬನ ಸಾಲದ ಬಗ್ಗೆ ಅವನು ಮಾಡಿದ ಭಾಷಣ ಓದಿ. ಮೈಸೂರಿನ ಹೈದರ್ ಅಲಿ ಕರ್ನಾಟಿಕ್ ಸೀಮೆಯ ಮೇಲೆ ಎರಗಿದ ವರ್ಣನೆ ಅದರಲ್ಲಿದೆ. ಅದೇ ಬರ್ಕ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ವರ್ಷಗಟ್ಟಲೆ ವಿಚಾರಣೆ ನಡೆಸಿದ. ಇಂಡಿಯಾದ ಹಳೆಯ ಪದ್ಧತಿಗಳಿಗೂ ಮರ್ಯಾದೆ ಇದೆ, ಕಂಪನಿ ಅವನ್ನು ತುಳಿಯುವ ಹಾಗಿಲ್ಲ ಅಂತ ಲಂಡನ್ನಿನಲ್ಲಿ ನಿಂತು ವಾದಿಸಿದ.

ಆದರೆ ಕನ್ನಡದವರು ಮೊದಲು ಹೋಗಬೇಕಾದದ್ದು ಡಿ.ವಿ. ಗುಂಡಪ್ಪನವರ ಹತ್ತಿರ. "ಹೊಸ ಚಿಗುರು ಹಳೆ ಬೇರು ಕೂಡಿರಲು ಮರ ಸೊಬಗು" ಅನ್ನುವ ಒಂದೇ ಸಾಲಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ. ಗಮನಿಸಿ, ಅವರು ಚಿಗುರನ್ನು ಮೊದಲು ಹೇಳಿದ್ದಾರೆ.

ಡಿವಿಜಿಯವರಲ್ಲಿ 'ಮಂಕುತಿಮ್ಮನ ಕಗ್ಗ'ವೋ, 'ಜ್ಞಾಪಕ ಚಿತ್ರಶಾಲೆ'ಯೋ? ನನ್ನ ಮಾತು ಕೇಳಿದರೆ 'ಚಿತ್ರಶಾಲೆ'. ಕಗ್ಗದ 945 ಪದ್ಯಗಳು ಬಿಡಿಬಿಡಿಯಾಗಿ ಎಲ್ಲ ಕಡೆ ಸಿಗುತ್ತವೆ. ಆದರೆ ಬಿಡಿ ಪದ್ಯ ಓದಿದವರಿಗೆ ಹಿಂದಿನ ಮನುಷ್ಯ ಕಾಣುವುದಿಲ್ಲ. 'ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ದಿವಾನರು, ವೈದಿಕರು, ಸಂಗೀತಗಾರರು, ಮೇಷ್ಟ್ರುಗಳು, ಹೆಸರಿಲ್ಲದ ಸಾಮಾನ್ಯರು ಎಲ್ಲರೂ ಬರುತ್ತಾರೆ. ಒಂದು ಹಳೆಯ ಸಮಾಜ ಒಳ್ಳೆಯದಾಗಿದ್ದಾಗ ಹೇಗಿತ್ತು ಅಂತ ಮುಖಗಳ ಮೂಲಕ ಗೊತ್ತಾಗುತ್ತದೆ. 'ಮೈಸೂರಿನ ದಿವಾನರುಗಳು' ಸಂಪುಟದಿಂದ ಶುರು ಮಾಡಿ. ಅಧಿಕಾರದಲ್ಲಿ ಕೂತವರು ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಅವರೇ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸಂಸ್ಥೆಗಳನ್ನು ಕಟ್ಟುವುದು, ಕಟ್ಟಿದ್ದನ್ನು ಕಾಯುವುದು ಎರಡೂ ಅವರಿಗೆ ದೇವರ ಕೆಲಸದ ಹಾಗೆ.

ಅರ್ಥಶಾಸ್ತ್ರಜ್ಞ ಹಯೆಕ್‌ನ 1944ರ ಪುಸ್ತಕವನ್ನು ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಎಲ್ಲವನ್ನೂ ಸರ್ಕಾರವೇ ಯೋಜಿಸಲು ಹೊರಟರೆ ಸ್ವಾತಂತ್ರ್ಯ ಹೋಗುತ್ತದೆ ಅನ್ನುವುದು ಅದರ ಸಾರ. ಆರ್ಥಿಕ ವಿಷಯದಲ್ಲಿ ಆಸಕ್ತಿ ಇದ್ದರೆ ಓದಿ. ಆದರೆ ತಾನು ಸಂಪ್ರದಾಯವಾದಿ ಯಾಕಲ್ಲ ಅಂತ ಆತನೇ ಒಂದು ಪ್ರಬಂಧ ಬರೆದಿದ್ದಾನೆ ಅನ್ನುವುದು ನೆನಪಿರಲಿ.

ಒಂದೇ ಜೈಲು, ಎರಡು ಡೈರಿ

ಅಧಿಕಾರ ಮಿತಿ ಮೀರಬಾರದು ಅನ್ನುವುದು ನಮ್ಮ ಕಡೆಯವರು ಮತ್ತೆ ಮತ್ತೆ ಹೇಳುವ ಮಾತು. ತುರ್ತು ಪರಿಸ್ಥಿತಿ ಅಂದಕೂಡಲೇ ಎಲ್ಲರೂ ದೆಹಲಿಯ ಕಡೆ ನೋಡುತ್ತಾರೆ. ಬೆಂಗಳೂರಿನ ಕಡೆ ನೋಡಿ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಸಭೆಗೆ ಬಂದಿದ್ದ ಅಡ್ವಾಣಿ, ವಾಜಪೇಯಿ ಇಬ್ಬರನ್ನೂ ಇಲ್ಲೇ ಬಂಧಿಸಿದರು. ಅಡ್ವಾಣಿಯವರು ಹತ್ತೊಂಬತ್ತು ತಿಂಗಳ ಸೆರೆವಾಸದ ಹೆಚ್ಚಿನ ಭಾಗ ಕಳೆದದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಆ ದಿನಗಳ ಟಿಪ್ಪಣಿಗಳು ಆಮೇಲೆ ಇಂಗ್ಲಿಷಿನಲ್ಲಿ ಪುಸ್ತಕವಾದವು. ಓದಲು ಸಲೀಸು. ರಾಜಕೀಯ, ಕಾನೂನು, ಜೈಲಿನ ದಿನಚರಿ ಎಲ್ಲ ಇದೆ.

ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿಯವರೂ ಇದ್ದರು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ ನಟಿ. ಸಮಾಜವಾದಿಗಳ ಗೆಳತಿ, ಅಂದರೆ ನಮ್ಮ ಎದುರು ಕಡೆಯವರು. ಆಸ್ತಮಾ ಇತ್ತು. ರಾತ್ರಿ ಹೊತ್ತು ಅವರ ಕೂಗು ಕೇಳಿಸುತ್ತಿತ್ತು ಅಂತ ಅಲ್ಲೇ ಸೆರೆಯಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆಯವರು ಬರೆದಿದ್ದಾರೆ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನದಲ್ಲಿ ತೀರಿಕೊಂಡರು. ಅವರ ಜೈಲು ಡೈರಿ ತೆಳ್ಳಗಿನ ಪುಸ್ತಕ.

ಎರಡರಲ್ಲಿ ಯಾವುದು? ವಾದಕ್ಕೆ ಬೇಕಾದ ವಿವರ ಅಡ್ವಾಣಿಯವರದರಲ್ಲಿ ಜಾಸ್ತಿ ಇದೆ. ಆದರೂ ನಾನು ಮೊದಲು ಕೊಡುವುದು ಸ್ನೇಹಲತಾ ಅವರದನ್ನು. ಅಧಿಕಾರಕ್ಕೆ ಮಿತಿ ಇರಬೇಕು ಅನ್ನುವ ನಂಬಿಕೆ ನಿಜವಾಗಿದ್ದರೆ, ಎದುರು ಕಡೆಯವರ ಉಸಿರು ಕಟ್ಟಿದಾಗಲೂ ನಮಗೆ ನೋವಾಗಬೇಕು. ಆ ಜೈಲು ಇರುವ ಜಾಗ ಈಗ ಫ್ರೀಡಂ ಪಾರ್ಕ್. ಡೈರಿ ಓದಿ ಮುಗಿಸಿ ಒಂದು ಸಂಜೆ ಅಲ್ಲಿಗೆ ಹೋಗಿ ಬನ್ನಿ.

ಕಾಶ್ಮೀರ, ಮತ್ತೆ ಒಂದಿಷ್ಟು ಇತಿಹಾಸ

2022ರ 'ದಿ ಕಾಶ್ಮೀರ್ ಫೈಲ್ಸ್' ನೋಡಿದವರು ತುಂಬಾ ಜನ. 1990ರಲ್ಲಿ ಪಂಡಿತರು ಊರು ಬಿಟ್ಟು ಓಡಬೇಕಾದದ್ದು ನಿಜ. ಅದನ್ನು ದೇಶ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ ಅನ್ನುವುದೂ ನಿಜ. ಸಿನಿಮಾ ಆ ನೋವನ್ನು ಎದೆಗೆ ತಾಗಿಸುತ್ತದೆ, ಆದರೆ ಕೂಗಿ ಹೇಳುತ್ತದೆ. ರಾಹುಲ್ ಪಂಡಿತ ಅವರು 2013ರಲ್ಲಿ ಬರೆದ ಇಂಗ್ಲಿಷ್ ನೆನಪಿನ ಪುಸ್ತಕ ಇದೆ, 'ಅವರ್ ಮೂನ್ ಹ್ಯಾಸ್ ಬ್ಲಡ್ ಕ್ಲಾಟ್ಸ್'. ಊರು ಬಿಟ್ಟಾಗ ಅವರಿಗೆ ಹದಿನಾಲ್ಕು ವರ್ಷ. ಕೂಗು ಇಲ್ಲ, ಮನೆಯ ಒಂದೊಂದು ಕೋಣೆಯ ನೆನಪಿದೆ. 1947ರ ದಾಳಿಯ ಕಾಲದ ಮನೆಯವರ ಅನುಭವವೂ ಸೇರಿದೆ. ಸಿನಿಮಾ ನೋಡಿದವರು ಇದನ್ನು ಓದಲೇಬೇಕು. ಇದನ್ನು ಓದಿದವರು ಸಿನಿಮಾ ನೋಡದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ.

ನಮ್ಮ ನಾಡಿನ ಇತಿಹಾಸಕ್ಕೆ ಬಂದರೆ, ತ.ರಾ.ಸು. ಅವರ 'ದುರ್ಗಾಸ್ತಮಾನ' ಮತ್ತು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಮೊದಲನೆಯದರಲ್ಲಿ ಚಿತ್ರದುರ್ಗದ ಕೊನೆಯ ನಾಯಕ ಹೈದರನ ಎದುರು ನಿಂತು ಹೋರಾಡಿ ಸೋಲುತ್ತಾನೆ. ಎರಡನೆಯದರಲ್ಲಿ ಕೊಡಗಿನ ಅರಸನೇ ಒಳಗಿನಿಂದ ಕೊಳೆತು ರಾಜ್ಯವನ್ನು ಬ್ರಿಟಿಷರ ಕೈಗೆ ಕೊಟ್ಟುಬಿಡುತ್ತಾನೆ. ಅಭಿಮಾನ ಬೇಕಾದಾಗ ಮೊದಲನೆಯದು ಸರಿ. ಮಾಸ್ತಿಯವರ ಪುಸ್ತಕವನ್ನು ಮಾತ್ರ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಐದು ವರ್ಷಕ್ಕೊಮ್ಮೆ ಓದಬಹುದು.

ಅಕ್ಕನ ಮಗನಿಗೆ ಹೋದ ವಾರ ಎರಡು ಪುಸ್ತಕ ಕಳಿಸಿದೆ: 'ಗೃಹಭಂಗ' ಮತ್ತು 'ಮೈಸೂರಿನ ದಿವಾನರುಗಳು'. ನಿನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. ನಂಜಮ್ಮನ ಮನೆಗೆ ಪ್ಲೇಗು ಬಂದ ಜಾಗದಲ್ಲಿದ್ದಾನೆ. ಅಮ್ಮನಿಗೆ ಫೋನ್ ಮಾಡಿ, ಅಜ್ಜಿಯ ಕಾಲದಲ್ಲಿ ನಮ್ಮ ಮನೆಯಲ್ಲಿ ಏನಾಗಿತ್ತು ಅಂತ ಕೇಳಿದನಂತೆ.